ಸಂಬಂಧಗಳ ಡೇಟಾಬೇಸು ಮತ್ತು ಕಾಕಾನ ತಲೆ

ಕಂಪ್ಯೂಟರಿನ ಕೆಲಸದಲ್ಲಿ ನಗುವಂಥದ್ದೇನೂ ನಡೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ ಅವರನ್ನು ಒಂದು ದಿನದ ಮಟ್ಟಿಗೆ ನನ್ನ ಹತ್ತಿರ ಕಳಿಸಿಕೊಡಿ. ಬೇರೆಯವರ ಕಂಪ್ಯೂಟರುಗಳಿಗೆ ವೈರಸ್ಸಿನ ಕಾಟ. ನನ್ನ ಗಿರಾಕಿಗಳ ಕಂಪ್ಯೂಟರುಗಳಿಗೆ ನನ್ನದೇ ಕಾಟ.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿಯ ಮೇಲೆ ನನ್ನದೊಂದು ಸಣ್ಣ ಕಚೇರಿ ಇದೆ. ಡೇಟಾಬೇಸ್ ಮಾಡಿಕೊಡುವುದು ಕೆಲಸ. ಚೆಲ್ಲಾಪಿಲ್ಲಿಯಾಗಿರುವ ಮಾಹಿತಿಯನ್ನು ಕೋಷ್ಟಕಗಳಲ್ಲಿ ಕೂರಿಸಿ, ಒಂದು ಕೋಷ್ಟಕಕ್ಕೂ ಇನ್ನೊಂದಕ್ಕೂ ಸಂಬಂಧ ಕಲ್ಪಿಸಿ, ಬೇಕೆಂದಾಗ ಬೇಕಾದ್ದು ಸಿಗುವಂತೆ ಮಾಡುವುದು. ಮನೆ ಧಾರವಾಡದಲ್ಲಿ, ಅವ್ವನ ಜೊತೆ. ಇಲ್ಲಿ ಹೇಳುವ ಪ್ರಸಂಗಗಳೆಲ್ಲ ನಾನು ಮದುವೆಯಾಗದೆ ಉಳಿದಿದ್ದ ಕಾಲದವು. ಹಾಗೇ ಉಳಿಯಲು ನನಗೆ ಸುತರಾಂ ಇಷ್ಟವಿರಲಿಲ್ಲ ಎನ್ನುವುದನ್ನೂ ಮೊದಲೇ ಹೇಳಿಬಿಡುತ್ತೇನೆ. ಬಂದ ಹೆಣ್ಣಿನ ಕಡೆಯವರೆಲ್ಲ ‘ಏನ್ ಕೆಲಸ’ ಎಂದು ಕೇಳುತ್ತಿದ್ದರು, ನಾನು ವಿವರಿಸುತ್ತಿದ್ದೆ, ವಿವರಣೆ ಮುಗಿಯುವಷ್ಟರಲ್ಲಿ ಅವರು ಚಪ್ಪಲಿ ಹುಡುಕುತ್ತಿದ್ದರು.

ಇಬ್ಬರದೂ ಒಂದೇ ಉದ್ಯೋಗ

ನಮ್ಮ ಓಣಿಯ ಕೊನೆಯ ಮನೆಯಲ್ಲಿ ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರಿದ್ದಾರೆ. ಊರಿಗೆಲ್ಲ ಅವರು ಮೌಶಿ, ಅಂದರೆ ಚಿಕ್ಕಮ್ಮ. ಅವರ ಯಜಮಾನರು ಸರ್ಕಾರಿ ಕಚೇರಿಯಿಂದ ನಿವೃತ್ತರು. ಅವರು ಊರಿಗೆಲ್ಲ ಕಾಕಾ. ಮೌಶಿ ಮನೆಯ ಪಡಸಾಲೆಯಲ್ಲಿ ವಧೂವರ ಕೇಂದ್ರ ನಡೆಸುತ್ತಾರೆ. ಒಂದು ಸಂಜೆ ಅವರು ನನ್ನನ್ನು ಕರೆಸಿ ಎದುರಿಗೆ ಕೂರಿಸಿಕೊಂಡರು.

“ನೀ ಏನ್ ಕೆಲಸಾ ಮಾಡ್ತೀಪಾ?”

ಈ ಸಲವಾದರೂ ಎದುರಿನವರು ಚಪ್ಪಲಿ ಹುಡುಕಬಾರದು ಎಂದು ನಾನು ಆದಷ್ಟು ಸರಳವಾಗಿ ಹೇಳಿದೆ. “ಸಂಬಂಧ ಕೂಡಸ್ತೇನ್ರಿ ಮೌಶಿ.”

ಮೌಶಿ ಕನ್ನಡಕ ಸರಿಮಾಡಿಕೊಂಡರು. “ನಾನೂ ಅದನ್ನ ಮಾಡ್ತೇನಿ. ನೀ ಕೂಡ್ಸಿದ್ದು ಮುರಿದದ್ದುಂಟೇನು?”

“ಒಮ್ಮೊಮ್ಮೆ ಮುರೀತಾವ್ರಿ. ಮತ್ತ ಕೂಡಸ್ತೇನಿ.”

“ಹಂಗಾರ ಛಲೋ ಆತು. ನನ್ನ ಕೇಂದ್ರಾನ ನೀ ಕಂಪ್ಯೂಟರ್‌ನ್ಯಾಗ ಹಾಕಿಕೊಡು. ನಿನಗೊಂದು ಹುಡುಗಿ ನಾ ಹುಡುಕಿಕೊಡ್ತೇನಿ.”

ವಿಚಾರ ಮಾಡಿ ಹೇಳುತ್ತೇನೆ ಎಂದು ಗತ್ತಿನಿಂದ ಎದ್ದೆ. ಹಿಂದೆ ಅಡುಗೆಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ಅವಳು ಯಾವಾಗಲೋ ಬಂದು, ಒಪ್ಪಿಗೆ ಕೊಟ್ಟು, ಮೌಶಿ ಮಾಡಿದ ಅವಲಕ್ಕಿಯನ್ನೂ ತಿಂದು ಮುಗಿಸಿದ್ದಳು.

ದೇವರ ಖಾನೆ

ಮೌಶಿಯ ಮಾಹಿತಿಯೆಲ್ಲ ಒಂದು ಕಬ್ಬಿಣದ ಕಪಾಟಿನಲ್ಲಿತ್ತು. ಹುಡುಗರ ಫೈಲು, ಹುಡುಗಿಯರ ಫೈಲು, ಒಂದರ ಮೇಲೊಂದು. ನಾನು ಪುಸ್ತಕದಲ್ಲಿ ಓದಿದ ಪ್ರಕಾರ ಕೇಳಿದೆ: “ಇವನ್ನ ಹ್ಯಾಂಗ ಜೋಡಿಸಿ ಇಟ್ಟೀರಿ ಮೌಶಿ? ಹೆಸರಿನ ಮ್ಯಾಲೋ, ವಯಸ್ಸಿನ ಮ್ಯಾಲೋ?”

“ಎರಡೂ ಅಲ್ಲ. ಮ್ಯಾಲಿನ ಖಾನೇದಾಗ ಇದ್ದವು ಲಗೂನ ಆಗೋವು. ನಡುವಿನವು ತಡಾ ಆಗೋವು.”

“ಕೆಳಗಿನವು?”

“ಕೆಳಗಿನವು ದೇವರಿಗೆ ಬಿಟ್ಟವು.”

ಇದನ್ನು ಕಂಪ್ಯೂಟರಿಗೆ ಹೇಗೆ ತಿಳಿಸುವುದು ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಅವ್ವ ನನ್ನ ಬಯೋಡೇಟಾ ಕೊಟ್ಟಳು. ಮೌಶಿ ಅದನ್ನು ಓದಿದರು. ಫೋಟೋ ನೋಡಿದರು. ನನ್ನನ್ನು ನೋಡಿದರು. ಮತ್ತೆ ಫೋಟೋ ನೋಡಿದರು. ಆಮೇಲೆ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಕೆಳಗೆ ಬಗ್ಗಿದರು.

ಹೊಸ ಸ್ಕೀಮು

ಡೇಟಾಬೇಸಿಗೆ ಮೊದಲು ಒಂದು ವಿನ್ಯಾಸ ಬೇಕು. ಯಾವ ಕೋಷ್ಟಕದಲ್ಲಿ ಯಾವ ಯಾವ ಅಂಕಣ, ಯಾವುದಕ್ಕೆ ಯಾವುದರ ನಂಟು ಎಂದು ನಿಗದಿ ಮಾಡುವುದು. ನಮ್ಮ ಭಾಷೆಯಲ್ಲಿ ಅದಕ್ಕೆ ಸ್ಕೀಮಾ ಎನ್ನುತ್ತಾರೆ. ಕಾಕಾ ಚಹಾ ಹಿಡಿದುಕೊಂಡು ಬಂದು “ಎಲ್ಲಿಗೆ ಬಂತೋ ಕೆಲಸಾ?” ಎಂದಾಗ “ಇವತ್ತ ಸ್ಕೀಮಾ ಮುಗೀತರಿ ಕಾಕಾ, ನಾಳಿಂದ ಹೆಸರು ತುಂಬೂದು” ಎಂದೆ.

ಕಾಕಾ ತಲೆಯಾಡಿಸಿ ವಾಕಿಂಗಿಗೆ ಹೋದರು. ಅವರು ಸರ್ವಿಸಿನುದ್ದಕ್ಕೂ ಸ್ಕೀಮುಗಳಲ್ಲೇ ಬದುಕಿದವರು. ಕೆರೆಯ ದಂಡೆಯ ಕಟ್ಟೆಯ ಮೇಲೆ ಗೆಳೆಯರಿಗೆ ಏನು ಹೇಳಿದರೋ ಗೊತ್ತಿಲ್ಲ. ಮರುದಿನ ನಾನು ಹೋದಾಗ ಮೌಶಿಯ ಮನೆಯ ಮುಂದೆ ಜನ ಸಾಲುಗಟ್ಟಿ ಪಾಳಿ ಹಚ್ಚಿದ್ದರು. ಎಲ್ಲರ ಕೈಯಲ್ಲೂ ಆಧಾರ್ ಝೆರಾಕ್ಸ್.

“ಲಗ್ನದ ಸ್ಕೀಮ್ ಬಂದೈತಂತಲ್ರಿ. ಇವತ್ತಿಂದ ಹೆಸರು ತಗೋತೀರಂತ.”

ಒಬ್ಬ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. “ಎರಡನೇದಕ್ಕೂ ಸಿಗ್ತೈತೇನ್ರಿ?” ಹಿಂದೆ ನಿಂತಿದ್ದ ಅವರ ಹೆಂಡತಿ “ಜೋರಾಗಿ ಕೇಳ್ರಿ, ಅವರಿಗೆ ಕೇಳಿಸಿಲ್ಲ” ಎಂದರು.

ನಾನು ಮನೆಯ ಮುಂದಿನ ಕಟ್ಟೆ ಹತ್ತಿ ನಿಂತು ಭಾಷಣ ಮಾಡಿದೆ. ಇದು ಸರ್ಕಾರದ ಸ್ಕೀಮ್ ಅಲ್ಲ, ಸ್ಕೀಮಾ ಅಂದರೆ ಬರೀ ಒಂದು ನಕ್ಷೆ, ಯಾವುದು ಎಲ್ಲಿ ಬರಬೇಕು ಅನ್ನುವ ನಕ್ಷೆ, ಅಷ್ಟೇ ಎಂದೆ. ಜನ ತಲೆಯಾಡಿಸಿದರು. ಅರ್ಥವಾಯಿತು ಎಂದು ನನಗೆ ಖುಷಿಯಾಯಿತು. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಬಂತು.

“ನಕ್ಷಾನೂ ಆಗೇತಂತ. ಲಗ್ನದ ಜೋಡಿ ಪ್ಲಾಟೂ ಕೊಡ್ತಾರಂತಲೇ. ಮನ್ಯಾಗ ಇನ್ನೊಬ್ಬರನ್ನ ಕರಕೊಂಡು ಬಾ ಹೋಗು.”

ಕೀಲಿ

ಒಂದೇ ಹೆಸರಿನವರು ಬಹಳ ಜನ ಇರುತ್ತಾರಲ್ಲ, ಅದಕ್ಕೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಗುರುತಿನ ನಂಬರು ಕೊಡಬೇಕು. ಅದಕ್ಕೆ ನಾವು ‘ಕೀ’ ಎನ್ನುತ್ತೇವೆ. ಇಂಗ್ಲಿಷ್ ಶಬ್ದ ಬಳಸಿ ಒಮ್ಮೆ ಪೆಟ್ಟು ತಿಂದಿದ್ದೆನಲ್ಲ, ಈ ಸಲ ಅಪ್ಪಟ ನಮ್ಮ ಮಾತಿನಲ್ಲೇ ಹೇಳಿದೆ. ಆದರೆ ನಮ್ಮ ಕಡೆ ಕೀಲಿ ಎಂದರೆ ಬೀಗ ಎನ್ನುವುದು ಆ ಹೊತ್ತಿಗೆ ಮರೆತಿತ್ತು.

“ಮೌಶಿ, ಪ್ರತಿಯೊಂದು ಹುಡುಗಗೂ ಒಂದೊಂದು ಕೀಲಿ ಹಾಕಬೇಕ್ರಿ.”

ಮೌಶಿ ಕಾಕಾನ ಕಡೆ ಒಮ್ಮೆ ನೋಡಿ ನನಗೆ ಹೇಳಿದರು. “ನೀ ಯಾಕ ಹಾಕ್ತೀಯೋ? ಲಗ್ನಾದ ಮ್ಯಾಲೆ ಅವರವರ ಹೆಂಡಂದ್ರು ಹಾಕ್ಕೋತಾರ.”

ತೇವಾಂಶ ಪರೀಕ್ಷೆ ಬಾಕಿ ಇದೆ

ಇದರಲ್ಲಿ ಯಾರನ್ನೂ ದೂರುವಂತಿಲ್ಲ, ಪೂರಾ ನನ್ನದೇ ಸೋಮಾರಿತನ. ಇದಕ್ಕೆ ಹಿಂದೆ ನಾನು ಅಮರಗೋಳದಲ್ಲಿ ಒಂದು ಗೋದಾಮಿಗೆ ಡೇಟಾಬೇಸ್ ಮಾಡಿಕೊಟ್ಟಿದ್ದೆ. ಅಲ್ಲಿನ ಗುಮಾಸ್ತರು ಅವಸರದಲ್ಲಿ ಮಾಲಿನ ಹೆಸರನ್ನು ಮಾಲೀಕರ ಹೆಸರಿನ ಜಾಗದಲ್ಲಿ ಬರೆದುಬಿಡುತ್ತಿದ್ದರು. ಅದಕ್ಕೆ ನಾನೊಂದು ಉಪಾಯ ಮಾಡಿದ್ದೆ. ಹೆಸರಿನ ಅಂಕಣದಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ, ಅಕ್ಕಿ, ಬೆಲ್ಲ ಎಂದೇನಾದರೂ ಕಂಡರೆ ಕಂಪ್ಯೂಟರು ತಾನಾಗಿಯೇ ಅದನ್ನು ಮಾಲು ಎಂದು ತಿಳಿದು, ಸಂಬಂಧಪಟ್ಟವರಿಗೆ ಮೆಸೇಜು ಕಳಿಸುತ್ತಿತ್ತು. ಮೌಶಿಯ ಕೆಲಸಕ್ಕೆ ಹೊಸದಾಗಿ ಬರೆಯುವ ಬದಲು ಅದನ್ನೇ ಎತ್ತಿ ತಂದು ಹಾಕಿದೆ. ಮೆಸೇಜು ಕಳಿಸುವ ವ್ಯವಸ್ಥೆ ಹೇಗೂ ಬೇಕಲ್ಲ ಎಂದುಕೊಂಡೆ.

ಉಪ್ಪು, ಮೆಣಸಿನಕಾಯಿ, ಬೆಲ್ಲ ಎಲ್ಲವೂ ಮನೆತನದ ಅಡ್ಡಹೆಸರುಗಳಾಗಿರುವ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೇ ಇದು ಹೊಳೆಯಲಿಲ್ಲ.

ಮೊದಲ ಫೋನು ಒಬ್ಬ ಹುಡುಗಿಯ ತಂದೆಯದು. ಮೆಣಸಿನಕಾಯಿ ಮನೆತನದ ಇಂಜಿನಿಯರ್ ಹುಡುಗನ ಸಂಬಂಧ ಅವರಿಗೆ ಹೋಗಬೇಕಿತ್ತು.

“ನಮಸ್ಕಾರ್ರಿ ಮೌಶಿಯಾರ. ನಿಮ್ಮ ಮೆಸೇಜ್ ಬಂದೈತಿ. ಓದತೇನಿ ಕೇಳ್ರಿ. ‘ಮೆಣಸಿನಕಾಯಿ ಸಿದ್ಧವಿದೆ. ತೇವಾಂಶ ಪರೀಕ್ಷೆ ಬಾಕಿ ಇದೆ. ಬಹಳ ದಿನ ಇಟ್ಟರೆ ಬಣ್ಣ ಹೋಗುತ್ತದೆ, ಬೇಗ ಎತ್ತುವಳಿ ಮಾಡಿರಿ.’ ಹುಡುಗನ್ನ ನೋಡಾಕ ನಾವು ಬರೂದೋ, ಟ್ರಾಕ್ಟರ್ ಕಳಸೂದೋ?”

ಮೌಶಿ ನನ್ನನ್ನು ಕರೆಸಿ ನಿಲ್ಲಿಸಿ ಬೈದರು. ಹೆಡ್‌ಮಿಸ್ಟ್ರೆಸ್ ಬೈಗುಳ, ತಲೆ ತಗ್ಗಿಸಿ ನಿಲ್ಲುವುದೊಂದೇ ದಾರಿ. ಹುಡುಗನ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ. ಹುಡುಗನ ಅಜ್ಜಿ ಮಾತ್ರ ಸಿಟ್ಟಾಗಲಿಲ್ಲ. “ಬಣ್ಣಾ ಹೋಗೇತಿ ಅಂತ ನಾನೂ ಹೇಳಾಕತ್ತೇನಿ, ಯಾರೂ ಕೇಳವಲ್ಲರು” ಎಂದಳು.

ದೀಪ ಹಚ್ಚುವ ಹೊತ್ತಿಗೆ

ಇಷ್ಟೆಲ್ಲ ಆದಮೇಲೆ ನನಗೆ ಬುದ್ಧಿ ಬಂತು. ಡೇಟಾಬೇಸ್ ದಿನಕ್ಕೊಮ್ಮೆ ಹೇಗಿದೆಯೋ ಹಾಗೆ ಇಡಿಯಾಗಿ ಉಳಿಸಿಟ್ಟುಕೊಳ್ಳುವ ಒಂದು ವಿಧಾನವಿದೆ. ಅದಕ್ಕೆ ಸ್ನ್ಯಾಪ್‌ಶಾಟ್ ಎನ್ನುತ್ತಾರೆ. ನಾಳೆ ಏನೇ ಕೆಟ್ಟರೂ ಇವತ್ತಿನ ಸ್ಥಿತಿಗೆ ಮರಳಬಹುದು. ಕಂಪ್ಯೂಟರು ತಾನೇ ಅದನ್ನು ಮಾಡಿಕೊಳ್ಳಬಹುದಿತ್ತು, ಆದರೆ ಕೆಲಸ ಮುಗಿದೊಡನೆ ಮೌಶಿ ಪಡಸಾಲೆಯ ಮೇನ್ ಸ್ವಿಚ್ಚನ್ನೇ ಆರಿಸುತ್ತಿದ್ದರು. ಅದಕ್ಕೆ ತೆರೆಯ ಮೂಲೆಯಲ್ಲಿ ಒಂದು ಗುಂಡಿ ಮಾಡಿಟ್ಟು ಹೇಳಿದೆ.

“ಮೌಶಿ, ದಿನಾ ದೀಪಾ ಹಚ್ಚೋ ಹೊತ್ತಿಗೆ ತಪ್ಪದ ಒಂದು ಸ್ನ್ಯಾಪ್‌ಶಾಟ್ ತಗೀರಿ. ತಗದ ಮ್ಯಾಲೆ ನನಗ ತಿಳಸ್ರಿ.”

“ಅಷ್ಟ ಹೌದಲ್ಲೋ? ತಗೀತೇನಿ.”

ಮೌಶಿ ಮಾತಿಗೆ ತಪ್ಪುವವರಲ್ಲ. ದಿನಾ ಸಂಜೆ ನನ್ನ ಮೊಬೈಲಿಗೆ ಬರುತ್ತಿತ್ತು: ‘ಸ್ನ್ಯಾಪ್‌ಶಾಟ್ ತಗದೇನಿ.’ ಕೆಳಗೆ ಒಂದು ಫೋಟೋ ಇರುತ್ತಿತ್ತು. ದೊಡ್ಡವರು ಕಳಿಸುವ ಶುಭಸಂಜೆಯ ಹೂವಿನ ಚಿತ್ರ ಇರಬೇಕೆಂದು ನಾನು ತೆರೆಯುತ್ತಿರಲಿಲ್ಲ. ‘ಛಲೋ ಆತ್ರಿ’ ಎಂದು ಉತ್ತರಿಸಿ ನೆಮ್ಮದಿಯಿಂದ ಮಲಗುತ್ತಿದ್ದೆ. ನನ್ನ ಬದುಕಿನಲ್ಲಿ ಅಷ್ಟು ನೆಮ್ಮದಿಯ ದಿನಗಳು ಮತ್ತೆ ಬಂದಿಲ್ಲ.

ಅಮ್ಮಿನಬಾವಿಯ ಡಾಕ್ಟರು

ಮೌಶಿ ಕೊಟ್ಟ ಮಾತು ಉಳಿಸಿಕೊಂಡರು. ಹುಡುಗಿ ಅಮ್ಮಿನಬಾವಿಯವಳು. ಪಶುವೈದ್ಯೆ. ಅವ್ವ, ನಾನು, ಮೌಶಿ, ಕಾಕಾ ಎಲ್ಲರೂ ಹೋದೆವು. ಉಪ್ಪಿಟ್ಟು ಶಿರಾ ಆದಮೇಲೆ ನಮ್ಮಿಬ್ಬರನ್ನೇ ಹಿತ್ತಲಿಗೆ ಮಾತಾಡಲು ಬಿಟ್ಟರು. ಅವಳು ಕೇಳಿದ್ದೂ ಅದೇ ಪ್ರಶ್ನೆ: “ನಿಮ್ಮ ಕೆಲಸಾ ಏನ್ರಿ?”

ನಾನು ಹೆದರಿಕೊಂಡೇ ಶುರುಮಾಡಿದೆ. ಕೋಷ್ಟಕ, ಕೀಲಿ, ಮೆಣಸಿನಕಾಯಿಯ ತೇವಾಂಶ ಎಲ್ಲ ಹೇಳಿದೆ. ಅವಳು ಚಪ್ಪಲಿ ಹುಡುಕಲಿಲ್ಲ. ಬಾಯಿಗೆ ಸೆರಗು ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅದೇ ಗಳಿಗೆಗೆ ನನಗೆ ಖಾತ್ರಿಯಾಯಿತು, ಮದುವೆಯಾದರೆ ಇವಳನ್ನೇ, ಇಲ್ಲದಿದ್ದರೆ ಯಾರೂ ಬೇಡ ಎಂದು. ಇನ್ನಷ್ಟು ದೊಡ್ಡವನಾಗಲು ಹೇಳಿದೆ:

“ನಮ್ಮಲ್ಲೆ ಸ್ನ್ಯಾಪ್‌ಶಾಟ್ ಅಂತ ಇರತದ್ರಿ. ಏನ ತಪ್ಪಾದ್ರೂ ಹಿಂದಿನ ಸ್ಥಿತಿಗೆ ಹೋಗಿಬಿಡಬಹುದು.”

“ನಸೀಬದಾರು ಬಿಡ್ರಿ. ನಮ್ಮಲ್ಲೆ ಹಂಗಿಲ್ಲ. ಎಮ್ಮಿ ಒಮ್ಮೆ ಒದ್ದರ ಒದ್ದಂಗ.”

ಬರುವ ರವಿವಾರ ತನ್ನ ನಿರ್ಧಾರ ತಿಳಿಸುತ್ತೇನೆ ಎಂದಳು.

ಎಲ್ಲರಿಗೂ ಒಂದೇ ಹುಡುಗಿ

ಶನಿವಾರ ಮಧ್ಯಾಹ್ನ ಮೌಶಿಯ ಪಡಸಾಲೆಯಲ್ಲಿ ಕಂಪ್ಯೂಟರಿನ ಮುಂದೆ ಒಬ್ಬನೇ ಕುಳಿತಿದ್ದೆ. ರವಿವಾರ ಬರುವ ಲಕ್ಷಣ ಕಾಣುತ್ತಿರಲಿಲ್ಲ. ಸಂಬಂಧ ನಿಶ್ಚಯವಾದವರಿಗೆ ಕಂಪ್ಯೂಟರು ತಾನಾಗಿ ಅಭಿನಂದನೆಯ ಮೆಸೇಜು ಕಳಿಸುವ ಏರ್ಪಾಟನ್ನು ನಾನೇ ಮಾಡಿದ್ದೆ. ನನ್ನ ಹೆಸರಿನ ಮುಂದೆ ‘ನಿಶ್ಚಯ’ ಎಂದು, ಜೋಡಿಯ ಅಂಕಣದಲ್ಲಿ ಅವಳ ನಂಬರು ಹಾಕಿದರೆ ಆ ಮೆಸೇಜು ನನ್ನ ಮೊಬೈಲಿಗೆ ಬರುತ್ತದೆ. ಒಂದು ಸಲ ಓದಿ ಖುಷಿಪಟ್ಟು ಮತ್ತೆ ಅಳಿಸಿಬಿಡೋಣ ಎಂದುಕೊಂಡೆ. ಇಂಥ ವಿಚಾರ ಬುದ್ಧಿಯಿದ್ದವರಿಗೆ ಬರುವುದಿಲ್ಲ, ನನಗೆ ಬಂತು.

ಕಂಪ್ಯೂಟರಿಗೆ ಆಜ್ಞೆ ಕೊಡುವಾಗ ಏನು ಬದಲಾಯಿಸಬೇಕು ಎಂದಷ್ಟೇ ಹೇಳಿದರೆ ಸಾಲದು, ಯಾರದು ಬದಲಾಯಿಸಬೇಕು ಎಂದೂ ಹೇಳಬೇಕು. ಅವಳ ಧ್ಯಾನದಲ್ಲಿದ್ದ ನಾನು ಎರಡನೆಯದನ್ನು ಬರೆಯಲಿಲ್ಲ. ಕಂಪ್ಯೂಟರು ‘ಯಾರದು’ ಎಂದು ಕೇಳಲಿಲ್ಲ, ಎಲ್ಲರದೂ ಬದಲಾಯಿಸಿಬಿಟ್ಟಿತು.

ನನ್ನ ಮೊಬೈಲು ಗುಂಯ್‌ಗುಟ್ಟಿತು. ‘ಅಭಿನಂದನೆಗಳು. ನಿಮ್ಮ ಸಂಬಂಧ ಅಮ್ಮಿನಬಾವಿಯ ಪಶುವೈದ್ಯೆಯ ಜೊತೆ ನಿಶ್ಚಯವಾಗಿದೆ.’ ಓದಿ ಕಣ್ಣುಮುಚ್ಚಿ ಸುಖಿಸುತ್ತಿದ್ದಾಗ ಅವ್ವನ ಫೋನು ಬಂತು.

“ಎದುರುಮನಿ ಹುಡುಗಂದು ನಿಶ್ಚಯ ಆತಂತೋ. ಈಗಷ್ಟ ಪೇಢೆ ಕೊಟ್ಟು ಹೋದ್ರು. ಹುಡುಗಿ ಅಮ್ಮಿನಬಾವ್ಯಾಗ ದನದ ಡಾಕ್ಟರಂತ. ನಾವು ನೋಡಿ ಬಂದಾಕಿನೂ ಹಂಗ ಇದ್ದಳಲ್ಲೋ?”

ಕಣ್ಣು ತೆರೆದು ತೆರೆಯನ್ನು ನೋಡಿದೆ. ಮೇಲಿನ ಖಾನೆಯವರು, ನಡುವಿನವರು, ದೇವರಿಗೆ ಬಿಟ್ಟವರು, ಎಲ್ಲರೂ ಅವಳ ಜೊತೆ ನಿಶ್ಚಯವಾಗಿದ್ದರು. ಹೆಣ್ಣುಮಕ್ಕಳಿಗೂ ಅವಳೇ. ಒಬ್ಬ ಹುಡುಗಿಯ ತಂದೆ ಮೌಶಿಗೆ ಫೋನು ಮಾಡಿ, “ನೀವು ಕಾಲದಕಿಂತ ಭಾಳ ಮುಂದ ಹೋಗೀರ್ರಿ” ಎಂದರು. ಅಮ್ಮಿನಬಾವಿಯ ಅವಳಿಗೂ ಒಂದು ಮೆಸೇಜು ಹೋಗಿತ್ತು. ನಿಮ್ಮ ಸಂಬಂಧ ನಿಮ್ಮ ಜೊತೆಗೇ ನಿಶ್ಚಯವಾಗಿದೆ ಎಂದು. ಮೌಶಿ ಫೋನು ಹಿಡಿದುಕೊಂಡೇ ಒಳಗಿನಿಂದ ಪಡಸಾಲೆಗೆ ಬಂದರು.

“ಹೆದರಬ್ಯಾಡ್ರಿ ಮೌಶಿ. ನಿನ್ನೆ ಸಂಜಿಮುಂದ ಸ್ನ್ಯಾಪ್‌ಶಾಟ್ ತಗದೀರಲ್ಲ, ಅದನ್ನ ಕೊಡ್ರಿ” ಎಂದೆ.

“ದಿನಾ ನಿನಗ ಕಳಿಸೇನಲ್ಲೋ.”

ಮೊದಲ ಸಲ ಆ ಫೋಟೋಗಳನ್ನು ತೆರೆದೆ. ಪ್ರತಿಯೊಂದರಲ್ಲೂ ನಮ್ಮ ಕಂಪ್ಯೂಟರು, ಪಕ್ಕದಲ್ಲಿ ನಗುತ್ತಾ ನಿಂತ ಕಾಕಾ. ಒಂದರಲ್ಲಿ ಟೊಪಿಗೆ, ಒಂದರಲ್ಲಿ ರುಮಾಲು, ಹಬ್ಬದ ದಿನದ್ದರಲ್ಲಿ ಹಣೆಗೆ ಗಂಧ. ತೆರೆಯ ಮೇಲಿದ್ದ ಮಾಹಿತಿಯನ್ನಾದರೂ ನೋಡಿ ತುಂಬೋಣವೆಂದರೆ ಎಲ್ಲ ಕಡೆ ಕಾಕಾನ ತಲೆ ಅಡ್ಡ.

“ಬರೀ ಡಬ್ಬಿ ಫೋಟೋ ಯಾಕಂತ ನಾನೂ ನಿಂತೆ” ಎಂದರು ಕಾಕಾ.

ರವಿವಾರ ಬೆಳಿಗ್ಗೆ ಅಮ್ಮಿನಬಾವಿಗೆ ಹೊರಟೆ. ಕೆಲಸ ಹೋಗಲಿ, ಕಚೇರಿಗೆ ಬೀಗ ಬೀಳಲಿ, ಅದರ ಚಿಂತೆ ಇರಲಿಲ್ಲ. ಅವಳು ಹೋದಳು ಎನ್ನುವುದೊಂದೇ ಸಂಕಟ. ಕನಿಷ್ಠ ಕ್ಷಮೆ ಕೇಳಿ ಬರಬೇಕಿತ್ತು. ಕೇಂದ್ರದ ಮರ್ಯಾದೆಯ ಪ್ರಶ್ನೆ ಎಂದು ಮೌಶಿಯೂ ಬಂದರು. ಮೌಶಿ ಬಂದರೆಂದು ಕಾಕಾನೂ ಬಂದರು.

ಅವಳ ಮನೆಯ ಮುಂದೆ ಜನವೋ ಜನ. ಇಸ್ತ್ರಿ ಅಂಗಿಯ ವರಗಳು, ತೆಂಗಿನಕಾಯಿ ಹಿಡಿದ ಬೀಗರು. ಅಂಗಳದ ನಡುವೆ ಅವಳು ಸೀರೆ ಮೇಲಕ್ಕೆ ಕಟ್ಟಿಕೊಂಡು ಒಂದು ಎಮ್ಮೆಯ ಹೊಟ್ಟೆ ಮುಟ್ಟಿ ನೋಡುತ್ತಿದ್ದಳು. ಎಮ್ಮೆಯವನು ತನ್ನ ತಮ್ಮನಿಗೆ ಬಂದ ಮೆಸೇಜು ತೋರಿಸುತ್ತಾ, “ಹೆಂಗೂ ಬೀಗರಾದ್ವಿ, ಇದನ್ನೂ ನೋಡಿಬಿಡ್ರಿ” ಎನ್ನುತ್ತಿದ್ದ.

ಅವಳು ನನ್ನನ್ನು ನೋಡಿದಳು. ನಗಲಿಲ್ಲ. “ಇಲ್ಲೆ ಬರ್ರಿ. ಬಾಲಾ ಹಿಡ್ಕೋರಿ, ಬಿಟ್ರ ಒದೀತೈತಿ.”

ಹಿಡಿದುಕೊಂಡೆ. ಬಾಲ ಹಿಡಿದುಕೊಂಡೇ ಎಲ್ಲವನ್ನೂ ಹೇಳಿದೆ. ಬೇರೆ ಯಾರದೂ ತಪ್ಪಿಲ್ಲ, ಒಂದು ಸಲ ನಮ್ಮಿಬ್ಬರ ಹೆಸರು ಜೋಡಿಯಾಗಿ ಓದಬೇಕೆನಿಸಿತ್ತು, ಅದರಿಂದ ಇಷ್ಟೆಲ್ಲ ಆಯಿತು ಎಂದೆ. ಅಂಗಳದಲ್ಲಿದ್ದ ವರಗಳೆಲ್ಲ ಹತ್ತಿರ ಸರಿದು ಕೇಳಿದರು.

“ಹಿಂದಿನ ಸ್ಥಿತಿಗೆ ಹೋಗಬಹುದು ಅಂದಿದ್ರಿ. ಸ್ನ್ಯಾಪ್‌ಶಾಟ್ ಐತೇನು?”

“ಕಾಕಾನ ಫೋಟೋ ಅದಾವ್ರಿ.”

ಅವಳು ಎಮ್ಮೆಯ ಬೆನ್ನಿಗೆ ಹಣೆ ಹಚ್ಚಿದಳು. ಭುಜ ಅಲ್ಲಾಡುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡೆ. ತಲೆಯೆತ್ತಿದಾಗ ನೋಡಿದರೆ ಕಣ್ಣಲ್ಲಿ ಅದೇ ಹಿತ್ತಲಿನ ನಗು.

“ಇಷ್ಟು ಮಂದಿಗೆ ಒಬ್ಬೊಬ್ಬರಿಗೆ ಒಲ್ಲೆ ಅನ್ನಾಕ ನನಗ ಪುರಸೊತ್ತಿಲ್ಲ. ಒಬ್ಬರಿಗೆ ಹೂಂ ಅಂದ್ರ ಉಳಿದವರು ತಾವ ಮನಿಗೆ ಹೋಗ್ತಾರ.”

“ಯಾರಿಗೆ ಹೂಂ ಅಂತೀರಿ?” ಎಂದು ಕೇಳಿದೆ. ಇಂಥ ಪ್ರಶ್ನೆ ಕೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

“ಬಾಲಾ ಹಿಡ್ಕೊಂಡವರಿಗೆ.”

ಆ ಸಂತೋಷದಲ್ಲಿ ನಾನು ಮಾಡಬಾರದ ಕೆಲಸ ಒಂದೇ ಇತ್ತು. ಅದನ್ನೇ ಮಾಡಿದೆ. ಬಾಲ ಬಿಟ್ಟೆ.

ಎಮ್ಮೆ ಒದ್ದದ್ದು ನೆನಪಿದೆ. ಆಮೇಲೆ ಗೊಬ್ಬರದ ಮೇಲೆ ಅಂಗಾತ ಬಿದ್ದಿದ್ದೆ. ಮೇಲಿನಿಂದ ಅವಳ ಮುಖ ಬಗ್ಗಿ ನೋಡಿತು. “ಹೇಳಿದ್ದಿಲ್ಲೇನು? ಒದ್ದರ ಒದ್ದಂಗ. ಇನ್ನ ಹಿಂದಕ್ಕ ಹೋಗಾಕ ಬರೂದಿಲ್ಲ.”

ನನ್ನ ಜೇಬಿನಲ್ಲಿ ಮೊಬೈಲು ಗುಂಯ್ ಅಂದಿತು. ಮೌಶಿಯ ಮೆಸೇಜು. ಬಿದ್ದಲ್ಲಿಂದಲೇ ಓದಿದೆ: ‘ಸ್ನ್ಯಾಪ್‌ಶಾಟ್ ತಗದೇನಿ. ಈ ಸಲಾನಾದ್ರೂ ತೆರದು ನೋಡು.’

ತೆರೆದು ನೋಡಿದೆ. ನಮ್ಮ ನಿಶ್ಚಯದ್ದೆಂದು ಇವತ್ತಿಗೂ ಇರುವುದು ಅದೊಂದೇ ಫೋಟೋ. ಮುಕ್ಕಾಲು ಭಾಗ ಕಾಕಾನ ತಲೆ. ಉಳಿದದ್ದು, ಆಕಾಶಕ್ಕೆ ಎದ್ದ ನನ್ನ ಎರಡು ಕಾಲು.